ಬಸ್ಸಿನಲ್ಲಿ ಕಂಡವರಿಗೆ ಮಾತ್ರ ಹೊಣೆ

ಇಂಡಿಗೆ ಹೋಗಿ ಅವರಿಗೆ ಮಣ್ಣು ಕೊಟ್ಟು ಬಂದು ಇನ್ನೂ ತಿಂಗಳು ತುಂಬಿಲ್ಲ. ಈಗ ಬಸ್ಸು ಹತ್ತಿದರೆ ಸಾಕು, ಸೀಟು ಹುಡುಕುವ ಮೊದಲೇ ನನ್ನ ಕಣ್ಣು ಸುತ್ತಲಿನ ಜನರ ಮೇಲೆ ಆಡತೊಡಗುತ್ತದೆ. ಮುದುಕಿಯ ಗಂಟನ್ನು ಯಾರು ಎತ್ತಿ ಮೇಲಿಟ್ಟರು, ಕೂಸಿನ ತಾಯಿಗೆ ಯಾರು ಸರಿದು ಕೊಟ್ಟರು, ಯಾರು ಕಿಟಕಿಯ ಕಡೆ ಮುಖ ತಿರುಗಿಸಿ ನಿದ್ದೆ ಬಂದವರ ಹಾಗೆ ಕೂತರು. ಇದು ನನ್ನ ಚಾಳಿಯಲ್ಲ, ಅವರದು. ಅವರು ಹೋದರು, ಚಾಳಿ ನನ್ನಲ್ಲಿ ಉಳಿಯಿತು.

ಅವರು ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದವರು. ನಸುಕಿನಲ್ಲಿ ಇಂಡಿ ಬಿಟ್ಟು, ಸಿಂದಗಿ, ಬಸವನ ಬಾಗೇವಾಡಿ ದಾಟಿ, ಮುದ್ದೇಬಿಹಾಳ ಮುಟ್ಟಿ ತಿರುಗಿ ಬರುವ ಬಸ್ಸಿನಲ್ಲಿ ಅವರ ಹರೆಯವೆಲ್ಲ ಕಳೆಯಿತು. ನಾಲ್ಕು ತಾಲೂಕಿನ ಜನಕ್ಕೂ ಅವರು ಕಂಡಕ್ಟರ್ ಕಾಕಾ. ಯಾರಾದರೂ ಹೆಸರು ಹಿಡಿದು ಕರೆದರೆ ಬೇರೆ ಯಾರನ್ನೋ ಕರೆದರೆಂದು ಅವರೇ ಹಿಂದೆ ತಿರುಗಿ ನೋಡುತ್ತಿದ್ದರು. ಆದ್ದರಿಂದ ನಾನೂ ಇಲ್ಲಿ ಹೆಸರು ಬರೆಯುವುದಿಲ್ಲ.

ನಾನು ಬಾಗೇವಾಡಿಯವನು. ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ಇಂಡಿಯಲ್ಲಿ ಕಂಪ್ಯೂಟರ್ ಕ್ಲಾಸು ತೆಗೆದೆ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವರ ಮನೆ. ಅದರ ಮುಂದಿನ ಕೋಣೆಯನ್ನು ನನಗೆ ಬಾಡಿಗೆಗೆ ಕೊಟ್ಟರು. ಅಷ್ಟೊತ್ತಿಗೆ ಅವರು ನಿವೃತ್ತರಾಗಿದ್ದರು. ಕೋಣೆಯಲ್ಲಿ ಕೆಲವೇ ಕಂಪ್ಯೂಟರು. ಅದರಲ್ಲಿ ಒಂದಕ್ಕೆ ಮಾತ್ರ ಫೋನಿನ ತಂತಿಯಿಂದ ಇಂಟರ್ನೆಟ್ ಬರುತ್ತಿತ್ತು, ಅದೂ ತನಗೆ ಮನಸ್ಸಿದ್ದಾಗ.

ಅವರು ಬೆಳಿಗ್ಗೆ ಚಹಾ ಕುಡಿದು ಬಂದು ಬಾಗಿಲ ಪಕ್ಕದಲ್ಲೇ ಕುರ್ಚಿ ಹಾಕಿಕೊಳ್ಳುತ್ತಿದ್ದರು. ಒಳಗೆ ಗಾಳಿ ಐತಿ ಬರ್ರಿ ಎಂದರೆ, “ಬಾಗಲ ಬಿಟ್ಟ ಕುಂತ್ರ ನನಗ ನಿದ್ದಿ ಬರ್ತೈತಿ” ಎನ್ನುವರು. ಪತ್ರಿಕೆಯನ್ನು ಉದ್ದುದ್ದ ಮಡಚಿ ಬೆರಳ ಸಂದಿಯಲ್ಲಿ ಸಿಗಿಸಿಕೊಂಡೇ ಓದುವರು, ನೋಟು ಹಿಡಿದ ಹಾಗೆ. ಹುಡುಗರು ಹೊಸ್ತಿಲಲ್ಲಿ ಗುಂಪಾಗಿ ನಿಂತರೆ ಪತ್ರಿಕೆಯಿಂದ ತಲೆ ಎತ್ತದೆ, “ಒಳಗ ಸರೀರಿ, ನಡುವ ಜಾಗಾ ಐತಿ” ಎಂದು ಕೂಗುವರು. ಹುಡುಗರು ನಗುತ್ತ ಒಳಗೆ ಸರಿಯುವರು. ಜಾಗ ಇರುತ್ತಿರಲಿಲ್ಲ, ಆದರೂ ಆಗುತ್ತಿತ್ತು.

ನಮ್ಮ ಕಡೆ ಹೆಣ್ಣು ಕೊಡುವವರು ಗಂಡಿನ ಮನೆಯವರ ಮಾತನ್ನು ಕೇಳಿ ಹೆಣ್ಣು ಕೊಡುವುದಿಲ್ಲ. ತಮ್ಮ ಮಗ ಕೆಟ್ಟವನು ಎಂದು ಯಾವ ತಾಯಿ ಹೇಳುತ್ತಾಳೆ? ಎರಡೂ ಕಡೆಗೆ ಬೇಕಾದ ಒಬ್ಬ ಹಿರಿಯನನ್ನು ಹುಡುಕಿ ಕೇಳುತ್ತಾರೆ. ಆತ ‘ಹೂಂ’ ಎಂದರೆ ಆಯಿತು. ಆಮೇಲೆ ಏನೇ ಆದರೂ ಹೊಣೆ ಆತನದು. ಕಾಕಾ ಮುಸಲ್ಮಾನರು. ಆದರೂ ನಾಲ್ಕು ತಾಲೂಕಿನ ಎಲ್ಲ ಜಾತಿಯವರೂ ಗಂಡಿನ ವಿಚಾರಕ್ಕೆ ಅವರನ್ನು ಹುಡುಕಿಕೊಂಡು ಬರುತ್ತಿದ್ದರು. ಯಾಕೆಂದರೆ ಆ ಗಂಡನ್ನು ಅವರು ಬಸ್ಸಿನಲ್ಲಿ ನೋಡಿರುತ್ತಿದ್ದರು.

“ಮನೀಗೆ ಬೀಗರು ಬಂದಾಗ ಎಲ್ಲಾರೂ ಶಾಣ್ಯಾರ,” ಎನ್ನುತ್ತಿದ್ದರು. “ಬಸ್ಸಿನ್ಯಾಗ ನಿಲ್ಲಾಕ ಜಾಗಾ ಇಲ್ಲದಾಗ ನೋಡಬೇಕು ಮನಷ್ಯಾನ್ನ. ಆವಾಗ ಗೊತ್ತಾಗ್ತೈತಿ ಅವನ ಹಣೇಬಾರ.”

ನಿಡಗುಂದಿಯ ಒಬ್ಬ ಹುಡುಗನ ಕತೆಯನ್ನು ಅವರು ಬಹಳ ಸಲ ಹೇಳಿದ್ದಾರೆ. ಆ ಹುಡುಗ ಬಾಗೇವಾಡಿಯಲ್ಲಿ ಒಬ್ಬ ಮುದುಕಿಯ ಗಂಟು ಇಳಿಸಿಕೊಡಲು ಕೆಳಗಿಳಿದ. ಗಂಟು ದೊಡ್ಡದು, ಮುದುಕಿಯ ಕಾಲು ನಿಧಾನ. ಬಸ್ಸಿಗೆ ಹೊತ್ತಾಗಿತ್ತು. ಕಾಕಾ ಅವನನ್ನು ಅಲ್ಲೇ ಬಿಟ್ಟು ಬಸ್ಸು ಹೊರಡಿಸಿದರು. ಮರುದಿನ ಅದೇ ಹುಡುಗ ಅದೇ ಬಸ್ಸು ಹತ್ತಿದ.

“ಬೈತಾನ ಅಂತ ನಾ ತಯಾರಾಗಿ ನಿಂತಿದ್ದೆ, ಮಾಸ್ತರ. ಅವ ಏನಂದ ಗೊತ್ತೇನು? ನಿನ್ನೆ ನಿಮಗ ಲೇಟ್ ಆಗಿ ಬೈಸಿಕೊಂಡ್ರೇನ್ರಿ ಕಾಕಾ, ಅಂದ. ಆ ವರ್ಷ ಅವನ ಸಂಬಂಧ ಕೇಳಾಕ ಬಂದವರಿಗೆ ಪೂರಾ ಮಾತ ಮುಗಸಾಕ ಬಿಡಲಿಲ್ಲ ನಾ. ಹೂಂ ಅಂದೆ.”

ನೋಡದ ಗಂಡಾದರೆ “ನಾ ಕಂಡಿಲ್ಲ” ಎನ್ನುವರು. ನೋಡಿ ಮನಸ್ಸಿಗೆ ಬಾರದಿದ್ದರೆ ಕೆಟ್ಟ ಮಾತು ಆಡುತ್ತಿರಲಿಲ್ಲ. ಇಂಡಿ ಮಾರ್ಕೆಟ್ಟಿನಲ್ಲಿ ಲಿಂಬೆಕಾಯಿ ಹೇಗೆ ನಡೆದಿದೆ ಎಂದು ಹೇಳಲು ಶುರು ಮಾಡುವರು. ಲಿಂಬೆಯ ಮಾತು ಬಂತೆಂದರೆ ಹೆಣ್ಣಿನ ಕಡೆಯವರು ಟವೆಲ್ಲು ಕೊಡವಿಕೊಂಡು ಎದ್ದುಬಿಡುತ್ತಿದ್ದರು.

ಇದೆಲ್ಲ ಅವರ ಚಾಕರಿಯ ಕಾಲದ ಮಾತು. ನಾನು ಬರುವ ಹೊತ್ತಿಗೆ ಅವರು ಯಾರಿಗೂ ಹೂಂ ಎನ್ನುತ್ತಿರಲಿಲ್ಲ. ಹೊರ್ತಿಯಿಂದ ಒಬ್ಬ ರೈತ ಬಂದು ಕಟ್ಟೆಯ ಮೇಲೆ ಅರ್ಧ ದಿನ ಕೂತಿದ್ದ. ಅವನು ಕೇಳಿದ ಹುಡುಗನನ್ನು ಕಾಕಾ ಬಸ್ಸಿನಲ್ಲಿ ಸಣ್ಣವನಿದ್ದಾಗಿನಿಂದ ಕಂಡಿದ್ದರು. ಆದರೂ, “ನನ್ನ ಕೇಳಬ್ಯಾಡ್ರಿ. ಆ ಕೆಲಸಾ ಬಿಟ್ಟೇನಿ” ಎಂದು ಕಳಿಸಿದರು. ಯಾಕೆ ಎಂದು ನನಗೆ ತಿಳಿದದ್ದು ಒಂದು ಹಳದಿ ಕೀಲಿಯಿಂದ.

ಅವತ್ತು ಹುಡುಗರಿಲ್ಲದ ಮಧ್ಯಾಹ್ನ. ನಾನು ಒಂದು ಕಾಲೇಜಿನ ಅರ್ಜಿ ತುಂಬುತ್ತಿದ್ದೆ. ಅವರು ಹಿಂದೆ ಬಂದು ನಿಂತು ಪರದೆಯ ಕೆಳಮೂಲೆಯಲ್ಲಿದ್ದ ಹಳದಿ ಬೀಗದ ಗುರುತಿಗೆ ಬೆರಳು ತೋರಿಸಿದರು.

“ಮಾಸ್ತರ, ಈ ಮೂಲ್ಯಾಗ ಸಣ್ಣ ಕೀಲಿ ಕಾಣಾಕತ್ತೈತಲ್ಲ, ಇದ ಯಾರ ಮನೀದು?”

“ಇದು ಈ ವೆಬ್‌ಸೈಟಿಂದ್ರಿ ಕಾಕಾ. ನಾವು ಟೈಪ್ ಮಾಡಿದ್ದು ನಡುವ ಯಾರಿಗೂ ಓದಾಕ ಬರಬಾರದು ಅಂತ ಕೀಲಿ ಹಾಕಿರ್ತಾರ. ಮತ್ತ ಈ ಸೈಟು ಖರೇನ ಆ ಕಾಲೇಜಿಂದ ಹೌದು ಅಂತ ಒಬ್ರು ಸರ್ಟಿಫಿಕೇಟ್ ಕೊಟ್ಟಾರ.”

“ಕೊಟ್ಟವರು ಯಾರು?”

“ಅದಕ್ಕಂತನ ಕಂಪನಿ ಅದಾವ್ರಿ. ಈ ಸೈಟಿನ ಹೆಸರು ಯಾರ ಕೈಯಾಗೈತಿ ಅಂತ ವಿಚಾರ ಮಾಡಿ, ಸರ್ಟಿಫಿಕೇಟಿನ ಮ್ಯಾಲ ತಮ್ಮ ಸಹಿ ಹಾಕ್ತಾರ.”

“ಆ ಕಂಪನಿ ನಿನಗ ಗೊತ್ತೇನು?”

“ನನಗೆಲ್ಲಿ ಗೊತ್ರಿ? ಬ್ರೌಸರಿಗೆ ಗೊತ್ತು. ಅಂದ್ರ ಈ ಸೈಟ್ ತೋರಸೂ ಪ್ರೋಗ್ರಾಮಿಗೆ. ಇದನ್ನ ಮಾಡಿದವರು ಕಳಸೂ ಮುಂದನ ಇದರೊಳಗ ಒಂದಿಷ್ಟು ಹೆಸರು ಹಾಕಿ ಕಳಸಿರ್ತಾರ. ಇವರು ಹೊಣಿ ನಿಂತ್ರ ನಂಬು, ಬ್ಯಾರೇದವರು ನಿಂತ್ರ ನಂಬಬ್ಯಾಡ, ಕುಂತವರಿಗೆ ಎಚ್ಚರಾ ಹೇಳು ಅಂತ.”

ಅವರು ಕುರ್ಚಿ ಎಳೆದುಕೊಂಡು ಹತ್ತಿರ ಕೂತರು. ಬಾಗಿಲು ಬಿಟ್ಟು ಅವರು ಒಳಗೆ ಕೂತದ್ದನ್ನು ನಾನು ಅದೇ ಮೊದಲು ನೋಡಿದ್ದು.

“ಅಂದ್ರ ಹಿರ್ಯಾರ ಹೆಸರು. ಆ ಹಿರ್ಯಾರನ್ನ ಆರಿಸಿದವರು ಯಾರು?”

“ಬ್ರೌಸರ್ ಮಾಡಿದವರರಿ. ಇವರು ವಿಚಾರಣಿ ಹೆಂಗ ಮಾಡ್ತಾರ, ತಮ್ಮ ಸಹಿ ಕಳವಾಗಧಂಗ ಹೆಂಗ ಕಾಯ್ತಾರ, ಹೊರಗಿನವರು ಬಂದು ಇವರ ತಪಾಸಣಿ ಮಾಡ್ತಾರೋ ಇಲ್ಲೋ, ಎಲ್ಲಾ ನೋಡಿ ಸೇರಿಸ್ಕೋತಾರ.”

“ಇರ್ಲಿ. ಆ ಹಿರ್ಯಾಗ ಹೊಣಿ ಯಾರು?”

“ಅವಗ ಯಾರೂ ಇಲ್ರಿ. ತನ್ನ ಸರ್ಟಿಫಿಕೇಟಿಗೆ ತಾನ ಸಹಿ ಹಾಕ್ಕೊಂಡಿರ್ತಾನ.”

ಕಾಕಾ ಹೊಟ್ಟೆ ಹಿಡಿದುಕೊಂಡು ನಕ್ಕರು. “ತನಗ ತಾನ ಸಹಿ. ಹಂಗಿದ್ರ ನಮ್ಮ ಡಿಪೋದಾಗ ನಾವೆಲ್ಲಾ ಮ್ಯಾನೇಜರ್ ಆಗಿರ್ತಿದ್ವಿ.”

“ಅದಕ್ಕನ ತಪಾಸಣಿ ಬಿಗಿ ಇರ್ತೈತ್ರಿ. ಮ್ಯಾಲಾಗಿ ಆ ದೊಡ್ಡ ಹಿರ್ಯಾ ಎಲ್ಲಾ ಸೈಟಿಗೂ ಖುದ್ದ ಸಹಿ ಮಾಡಂಗಿಲ್ಲ. ಕೈಕೆಳಗ ಒಬ್ಬನ್ನ ಇಟ್ಟಿರ್ತಾನ, ಇವನ ಮಾತು ನನ್ನ ಮಾತು ಅಂತ ಬರದ ಕೊಟ್ಟು. ಸೈಟಿಗೆ ಸಹಿ ಮಾಡಾವ ಆ ಕೈಕೆಳಗಿನಾವ.”

ಅವರ ನಗು ನಿಂತಿತು.

“ಆ ಕೈಕೆಳಗಿನಾವ ನೋಡಲಾರ್ದ ಸಹಿ ಹಾಕಿದ್ರ?”

“ಕೆಟ್ಟ ಹೆಸರು ಮ್ಯಾಲಿನವಗೂ ಬರ್ತೈತ್ರಿ. ಹೆಚ್ಚಾತಂದ್ರ ಬ್ರೌಸರಿನವರು ಆ ಹಿರ್ಯಾನ ಹೆಸರನ್ನ ತಗದ ಹಾಕಬಹುದು. ಆಮ್ಯಾಲ ಅವ ಯಾರಿಗೆ ಸಹಿ ಮಾಡಿದ್ರೂ ನಡಿಯಂಗಿಲ್ಲ.”

“ತಗದ ಹಾಕಬೇಕು,” ಎಂದರು. ಆಮೇಲೆ ತಾವಾಗಿ ಹೇಳತೊಡಗಿದರು.

ಅವರ ಬಸ್ಸಿನ ಡ್ರೈವರ್ ಸಿಂದಗಿಯ ಗುರಪ್ಪ. ಹರೆಯದಿಂದ ಇಬ್ಬರದೂ ಒಂದೇ ಬಸ್ಸು, ಒಂದೇ ಬುತ್ತಿ. ಗುರಪ್ಪನ ಮಗಳು ಸುವರ್ಣಾಗೆ ಸೋಲಾಪುರದ ಆಚೆಯ ಒಂದು ಹಳ್ಳಿಯಿಂದ ಸಂಬಂಧ ಬಂತು. ಕಾಕಾನ ಬಸ್ಸು ಆ ಕಡೆ ಹೋಗುವುದಿಲ್ಲ, ಹುಡುಗನನ್ನು ಅವರು ಕಂಡಿಲ್ಲ. ಬೇರೆ ಯಾರಾದರೂ ಕೇಳಿದ್ದರೆ “ನಾ ಕಂಡಿಲ್ಲ” ಎಂದು ಮುಗಿಸುತ್ತಿದ್ದರು. ಆದರೆ ಕೇಳಿದವನು ಗುರಪ್ಪ. ಕಾಕಾ ಆ ಮಾರ್ಗದ ಒಬ್ಬ ಕಂಡಕ್ಟರ್ ಗೆಳೆಯನನ್ನು ವಿಚಾರಿಸಿದರು. ಆತ, ಬಂಗಾರದಂಥ ಹುಡುಗ ಎಂದ. ಕಾಕಾ ಗುರಪ್ಪನಿಗೆ ಹೂಂ ಎಂದರು. ಗುರಪ್ಪ ಮುಂದೆ ಒಂದು ಮಾತು ಕೇಳಲಿಲ್ಲ.

ವರ್ಷ ತುಂಬುವುದರೊಳಗೆ ಸುವರ್ಣಾ ಮೈಮೇಲೆ ಪೆಟ್ಟಿನ ಗುರುತು ಹೊತ್ತುಕೊಂಡು ತವರಿಗೆ ಬಂದಳು. ಕಾಕಾ ಆ ಗೆಳೆಯನ ಹತ್ತಿರ ಹೋಗಿ ಕೇಳಿದರೆ, ಆತನೂ ಹುಡುಗನನ್ನು ನೋಡಿರಲಿಲ್ಲ. ಯಾರೋ ಹೇಳಿದ್ದನ್ನು ಹೇಳಿದ್ದ.

“ಅವನ ಟಿಕೆಟ್ ಸೈತ ನಾ ಹರದಿರಲಿಲ್ಲ, ಮಾಸ್ತರ. ಹೂಂ ಅಂದ್ಬಿಟ್ಟೆ.”

“ಗುರಪ್ಪನವರು ಬೈದ್ರೇನ್ರಿ?”

“ಬೈದಿದ್ರ ಚಲೋ ಇತ್ತು. ಅವ ಬ್ಯಾರೆ ಮಾರ್ಗಕ್ಕ ಡ್ಯೂಟಿ ಹಾಕಿಸ್ಕೊಂಡ.”

ಅಷ್ಟೇ. ಅಲ್ಲಿಂದ ಆ ಇಬ್ಬರೂ ಮಾತಾಡಿರಲಿಲ್ಲ. ಅಲ್ಲಿಂದ ಕಾಕಾ ಯಾರ ಗಂಡಿಗೂ ಹೂಂ ಎಂದಿರಲಿಲ್ಲ. ತಮ್ಮ ಹೆಸರನ್ನು ತಾವೇ ತೆಗೆದು ಹಾಕಿಕೊಂಡಿದ್ದರು.

ಅವರಿಗೆ ಸಮಾಧಾನವಾಗಲೆಂದು ನಾನು ಇನ್ನೊಂದು ಮಾತು ಹೇಳಿದೆ. ಈ ಕೀಲಿ ಇದೆಯೆಂದರೆ ಆ ಸೈಟಿನವರು ಒಳ್ಳೆಯವರು ಎಂದಲ್ಲ. ತಾವು ಯಾರೆಂದು ಹೇಳಿಕೊಂಡಿದ್ದಾರೋ ಅವರೇ ಹೌದು ಎಂದಷ್ಟೇ. ಮೋಸಗಾರನಿಗೂ ತನ್ನ ಹೆಸರಿನ ಸರ್ಟಿಫಿಕೇಟ್ ಸಿಗುತ್ತದೆ. ಅವರು ಮೀಸೆ ಸವರುತ್ತ ಅಂದರು.

“ಹಂಗಂದ್ರ ಕೈಯಾಗ ಟಿಕೆಟ್ ಐತಿ ಅಂತ ಹೇಳ್ತೈತಿ. ಟಿಕೆಟ್ ತಗೊಂಡಾವ ಚಲೋ ಮನಷ್ಯಾ ಅಂತ ಹೇಳಂಗಿಲ್ಲ.”

“ಬರೋಬ್ಬರಿ ಹೇಳಿದ್ರಿ.”

“ನಮ್ಮ ಕೆಲಸಕ್ಕಿಂತ ಇವರ ಕೆಲಸಾ ಹಗುರ ಬಿಡು,” ಎಂದು ಎದ್ದು ತಮ್ಮ ಬಾಗಿಲಿಗೆ ಹೋದರು.

ಆಮೇಲೆ ಕೀಲಿ ಅವರ ಮೋಜಾಯಿತು. ಪಾಠ ಬೇಡವೆಂದವರಿಗೂ ಪಾಠ ಹೇಳುವರು. ಬಜಾರದ ಬಟ್ಟೆ ಅಂಗಡಿಯವರೊಬ್ಬರು, ವಿದೇಶದಿಂದ ನನಗೆ ಬಹುಮಾನ ಹತ್ತಿದೆ, ವಿವರ ತುಂಬಿ ಕಳಿಸಬೇಕು ಎಂದು ಮುಖ ಅರಳಿಸಿಕೊಂಡು ಬಂದರು. ಪುಟ ತೆರೆದರೆ ಕೀಲಿಯೇ ಇಲ್ಲ.

“ಶೆಟ್ರ, ಇವ ಯಾರ ಪೈಕಿ?” ಎಂದರು ಕಾಕಾ.

“ಯಾರಿಗ್ಗೊತ್ತೋ ಮಾರಾಯಾ. ದೊಡ್ಡ ಸಾಹೇಬಂತ.”

“ನಿಮ್ಮ ಅಂಗಡ್ಯಾಗ ಗುರುತಿಲ್ಲದಾವಗ ಒಂದು ಟವೆಲ್ ಉದ್ರಿ ಕೊಡಂಗಿಲ್ಲ ನೀವು. ಇವಗ ಮನೀ ಜಾತಕಾ ಎಲ್ಲಾ ಕೊಡಾಕ ಹೊಂಟೀರಿ?”

ಶೆಟ್ಟರು ಮುಖ ಸಣ್ಣದು ಮಾಡಿಕೊಂಡು ಚಹಾ ಕುಡಿದು ಹೋದರು. ಆಮೇಲೆ ಅವರೇ ಊರೆಲ್ಲ ಈ ಕತೆ ಹೇಳಿಕೊಂಡು ನಕ್ಕರಂತೆ.

ಹುಡುಗರಿಗೆ ಎಚ್ಚರಿಕೆಯ ಪೆಟ್ಟಿಗೆ ಪರದೆಯ ಮೇಲೆ ಬಂದರೆ ಅದನ್ನು ಓದುವ ತಾಳ್ಮೆ ಇರುತ್ತಿರಲಿಲ್ಲ. ‘ಮುಂದುವರಿಯಲೇ’ ಎಂದು ಅದು ಕೇಳುವ ಮೊದಲೇ ‘ಹೌದು’ ಒತ್ತಿಬಿಡುತ್ತಿದ್ದರು. ಆ ಟಕ್ಕೆಂಬ ಸದ್ದು ಕಾಕಾಗೆ ಬಾಗಿಲಿಂದಲೇ ಗೊತ್ತಾಗುತ್ತಿತ್ತು. “ಏ, ಏನ ಕೇಳ್ತು ಅದು? ಕೇಳಿಸ್ಕೊಂಡಿಯೇನು ಮೊದಲ?” ಎಂದು ಗದರುವರು. ಬೇರೆಯವರ ಹೂಂ ಬಗ್ಗೆಯೂ ಅವರಿಗೆ ಅಷ್ಟು ಹೆದರಿಕೆ.

ಸುವರ್ಣಾ ಬಂದದ್ದು ಒಂದು ಬೇಸಿಗೆಯ ಸಂಜೆ. ಅವತ್ತು ಹಗಲೆಲ್ಲ ಕರೆಂಟು ಇರಲಿಲ್ಲ. ಕರೆಂಟು ಬಂದ ಕೂಡಲೇ ಇಂಟರ್ನೆಟ್ಟಿನ ಕಂಪ್ಯೂಟರನ್ನು ಕಾಕಾ ಅವರೇ ಹಚ್ಚಿದ್ದರು. ಅದು ಮುದಿ ಯಂತ್ರ. ಹಚ್ಚಿದರೆ ಕಪ್ಪು ಪರದೆಯಲ್ಲಿ ಏನೋ ಬರೆದು ನಿಂತುಬಿಡುತ್ತಿತ್ತು. ಒಂದು ಕೀ ಒತ್ತಿದರೆ ಮುಂದೆ ಹೋಗುತ್ತಿತ್ತು. ಅದನ್ನು ಅವರು ನನ್ನನ್ನು ನೋಡಿ ಕಲಿತಿದ್ದರು. “ಎಬ್ಬಿಸೇನಿ ನೋಡು ನಿನ್ನ ಮುದುಕನ್ನ” ಎಂದು ಹೆಮ್ಮೆಯಿಂದ ಹೇಳಿದ್ದರು.

ಮೆಟ್ಟಿಲ ಹತ್ತಿರ ಒಬ್ಬ ಹೆಣ್ಣುಮಗಳು ಬಂದು ನಿಂತದ್ದನ್ನು ನೋಡಿ ಅವರು ಕುರ್ಚಿಯಿಂದ ಎದ್ದರು. ಪತ್ರಿಕೆ ಕೈಯಿಂದ ಜಾರಿತು. ಅದನ್ನು ಎತ್ತಿಕೊಳ್ಳಲಿಲ್ಲ.

“ಬಾರವಾ ಸುವರ್ಣಾ. ಕೂಡು. ಚಾ ಕುಡಿತಿಯೇನು?”

“ಕೆಲಸಾ ಆದ ಮ್ಯಾಲ ಕುಡಿತೇನಿ, ಕಾಕಾ.”

ಕಾಕಾ ಎಂದು ಅವಳು ಕರೆದದ್ದಕ್ಕೆ ಅವರು ನೆಲ ನೋಡಿದರು. ಇಂಡಿಯಲ್ಲಿ ಆ ಹೊತ್ತಿಗೆ ಬೇರೆ ಕಡೆಯೂ ಇಂಟರ್ನೆಟ್ಟಿತ್ತು. ಅವಳು ಇಲ್ಲಿಗೇ ಬಂದಿದ್ದಳು.

ದೂರದ ನಗರದ ಒಂದು ದವಾಖಾನೆಯಲ್ಲಿ ನರ್ಸಿಂಗ್ ತರಬೇತಿಗೆ ಅರ್ಜಿ. ಹಾಸ್ಟೆಲ್ಲೂ ಅವರದೇ. ಅವತ್ತೇ ಕಡೆಯ ದಿನ. ಅರ್ಜಿಯಲ್ಲಿ ಗಂಡನ ಹೆಸರು, ಕೋರ್ಟಿನಲ್ಲಿ ವಿಚ್ಛೇದನವಾದ ವಿವರ, ಮುಂದೆ ಇರುವ ವಿಳಾಸ ಎಲ್ಲ ತುಂಬಬೇಕಿತ್ತು.

“ನಾ ಹೋಗೂ ಊರಿನ ಹೆಸರು ಗಂಡನ ಮನಿಯವರ ಕಿವೀಗೆ ಬೀಳಬಾರದ್ರಿ ಸರ್,” ಎಂದಳು ನನಗೆ. “ನಾ ಎಲ್ಲಿದೀನಂತ ಗೊತ್ತಾದ್ರ ಹುಡುಕ್ಕೊಂಡ ಬರ್ತಾರ. ಅದಕ್ಕ ಸಿಂದಗ್ಯಾಗ ಮಾಡಸಲಿಲ್ಲ. ನಮ್ಮಪ್ಪಗೂ ಇನ್ನ ಹೇಳಿಲ್ಲ.”

ದವಾಖಾನೆಯ ಪುಟ ತೆರೆದೆ. ಕೀಲಿಯ ಬದಲು ಎಚ್ಚರಿಕೆಯ ಪೆಟ್ಟಿಗೆ ಬಂದು ನಿಂತಿತು. ಮುಂದುವರಿಯಲೇ, ಬೇಡವೇ? ಮತ್ತೊಮ್ಮೆ ತೆರೆದೆ. ಮತ್ತೆ ಅದೇ.

“ಏನಂತೈತ್ರಿ ಅದು?”

“ಇವರ ಸರ್ಟಿಫಿಕೇಟಿನಾಗ ಏನೋ ತಕರಾರ ಐತಂತವಾ. ಹೌದು ಅಂತ ಒತ್ತಿದ್ರ ಮುಂದ ಹೋಗ್ತೈತಿ. ಆದ್ರ...”

ನನ್ನ ಮಾತು ಮುಗಿಯುವ ಮೊದಲೇ ಅವಳು ನನ್ನ ಕಡೆಯಿಂದ ಮುಖ ತಿರುಗಿಸಿ ಬಾಗಿಲ ಕಡೆ ನೋಡಿದಳು.

“ಕಾಕಾ, ಒತ್ತಲೇನು?”

ಅವರು ಹೊರಗೆ ನಡೆದುಬಿಟ್ಟರು. ನಾನು ಹಿಂದೆ ಹೋದೆ. ಕಟ್ಟೆಯ ಮೇಲೆ ಕಂಬ ಹಿಡಿದು ನಿಂತಿದ್ದರು, ಓಡುವ ಬಸ್ಸಿನಲ್ಲಿ ನಿಂತವರ ಹಾಗೆ ಕಾಲಗಲಿಸಿ.

“ಮಾಸ್ತರ, ನನ್ನ ಕೇಳಬ್ಯಾಡ ಅಂತ ಹೇಳು ಅಕಿಗೆ. ನೀ ಓದಿದಾವ ಅದಿ, ನೀನ ಹೇಳು.”

“ಅಕಿ ನನ್ನ ಕೇಳಿಲ್ರಿ.”

“ನಾ ಹೂಂ ಅಂದದ್ದಕ್ಕ ಅಕಿ ಬಾಳು ಹಿಂಗ ಆತು. ಮತ್ತ ಅದ ಬಾಯಾಗ...”

“ಹೂಂ ಅನ್ನಬ್ಯಾಡ್ರಿ. ಒಳಗ ಬಂದು ನೋಡ್ರಿ. ನೋಡಿದ್ದಷ್ಟ ಹೇಳ್ರಿ.”

ಅವರು ಕನ್ನಡಕವನ್ನು ಅಂಗಿಯ ತುದಿಯಿಂದ ಒರೆಸಿಕೊಂಡು ಒಳಗೆ ಬಂದರು. ಪರದೆಗೆ ಮೂಗು ತಾಗುವಷ್ಟು ಬಗ್ಗಿ, “ಓದು. ಒಂದೊಂದ ಸಾಲು” ಎಂದರು.

“ಮೊದಲನೇದು, ಹೊಣಿ ನಿಂತವರು ನಮ್ಮ ಬ್ರೌಸರಿಗೆ ಗೊತ್ತಿದ್ದವರ ಅಂತ. ಇದಕ್ಕ ಸರಿ ಅಂತ ಗುರುತು ಐತ್ರಿ.”

“ಮುಂದ?”

“ತಾರೀಖು ಸರಿ ಇಲ್ಲಂತ. ಇಲ್ಲೆ ಹಳದಿ ಗುರುತು.”

“ಕಡೀದು?”

“ಸೈಟಿನ ಹೆಸರು, ಸರ್ಟಿಫಿಕೇಟಿನ ಹೆಸರು ಎರಡೂ ಹೊಂದ್ಯಾವಂತ. ಇದೂ ಸರಿ.”

“ಅಂದ್ರ ಆಸಾಮಿದು ತಕರಾರ ಇಲ್ಲ. ಪಾಸಿನ ತಾರೀಖಿಂದು. ಪಾಸ್ ತಗಿ, ನೋಡೂಣು.”

ಸರ್ಟಿಫಿಕೇಟ್ ತೆರೆದೆ. ಆ ವರ್ಷದ ಮಾರ್ಚಿನಿಂದ ಮುಂದಿನ ಮಾರ್ಚಿನವರೆಗೆ ನಡೆಯುತ್ತದೆ ಎಂದು ಬರೆದಿತ್ತು. ಮೂವರೂ ಮುಖ ಮುಖ ನೋಡಿಕೊಂಡೆವು. ಪಾಸು ಚಾಲ್ತಿಯಲ್ಲೇ ಇದೆ. ಹಾಗಾದರೆ ಯಾರ ತಾರೀಖು ತಪ್ಪು? ನಾನು ಪರದೆಯ ಮೂಲೆಯ ಗಡಿಯಾರದ ಮೇಲೆ ಬಾಣ ಇಟ್ಟೆ. ನಮ್ಮ ಮುದಿ ಯಂತ್ರದಲ್ಲಿ ಎಷ್ಟೋ ವರ್ಷ ಹಿಂದಿನ ಜನವರಿ ನಡೆದಿತ್ತು.

ಅದರೊಳಗಿನ ಸಣ್ಣ ಸೆಲ್ಲು ಸತ್ತಿತ್ತು. ಕರೆಂಟು ಹೋದಾಗ ತಾರೀಖನ್ನು ನೆನಪಿಡುವುದು ಆ ಸೆಲ್ಲಿನ ಕೆಲಸ. ಹಚ್ಚಿದಾಗಲೆಲ್ಲ ಅದು ಕಪ್ಪು ಪರದೆಯಲ್ಲಿ ನಿಂತು ಕೇಳುತ್ತಿದ್ದುದೂ ಅದನ್ನೇ. ನಾನು ದಿನಾ ಕೀ ಒತ್ತಿ, ಆಮೇಲೆ ತಾರೀಖು ಸರಿಪಡಿಸುತ್ತಿದ್ದೆ. ಕಾಕಾ ಕೀ ಒತ್ತುವುದನ್ನು ಮಾತ್ರ ಕಲಿತಿದ್ದರು.

“ಇದರ ಲೆಕ್ಕದಾಗ ಆ ಸರ್ಟಿಫಿಕೇಟ್ ಇನ್ನ ಹುಟ್ಟೇ ಇಲ್ರಿ ಕಾಕಾ.”

ಅವರು ಒಂದು ಗಳಿಗೆ ಪರದೆಯನ್ನೇ ನೋಡಿದರು. “ಪ್ಯಾಸೆಂಜರ್ ಬರೋಬ್ಬರಿ ಅದಾನ. ಕಂಡಕ್ಟರ್ ತಪ್ಪಿದ,” ಎಂದರು. “ಇದನ್ನ ಎಬ್ಬಿಸಿದಾವ ನಾನ. ಏನ್ ಕೇಳಾಕತ್ತೈತಿ ಅಂತ ತಿಳ್ಕೊಳಲಾರ್ದ ಒತ್ತಿದೆ.”

ಸುವರ್ಣಾ ಸೆರಗು ಬಾಯಿಗಿಟ್ಟು ನಕ್ಕಳು. ಅವರಿಗೂ ನಗು ಬಂತು. ನಾನು ತಾರೀಖು ತಿದ್ದಿ ಪುಟವನ್ನು ಮತ್ತೆ ತೆರೆದೆ. ಈ ಸಲ ಎಚ್ಚರಿಕೆಯ ಪೆಟ್ಟಿಗೆ ಬರಲಿಲ್ಲ. ಕೀಲಿ ಬಂದು ಮೂಲೆಯಲ್ಲಿ ಕೂತಿತು.

ಆದರೂ ಅವಳ ಕೈ ಕೀಲಿಮಣೆಯ ಮೇಲೆ ಹೋಗಲಿಲ್ಲ.

“ನೀವು ಹೇಳ್ರಿ, ಕಾಕಾ.”

ಫ್ಯಾನು ತಿರುಗುತ್ತಿತ್ತು. ಅವರು ಅವಳ ಎದುರಿಗೆ ಸ್ಟೂಲು ಹಾಕಿಕೊಂಡು ಕೂತರು. ಅಷ್ಟು ನಿಧಾನವಾಗಿ ಅವರು ಮಾತಾಡಿದ್ದನ್ನು ನಾನು ಕೇಳಿಲ್ಲ.

“ಕೇಳವಾ. ಈ ಸೈಟು ಆ ದವಾಖಾನೀದ ಹೌದು. ಹೊಣಿ ನಿಂತಾವನ ಹೆಸರು ನೋಡಿದೆ, ತಾರೀಖು ನೋಡಿದೆ. ನೀ ಬರದದ್ದು ನಡುವ ಯಾರಿಗೂ ಸಿಗಂಗಿಲ್ಲ ಅಂತ ಮಾಸ್ತರು ಹೇಳ್ತಾರ. ಮಾಸ್ತರನ್ನ ನಾ ದಿನಾ ನೋಡ್ತೇನಿ. ಇಷ್ಟಕ್ಕ ಹೂಂ ಅಂತೇನಿ. ಆ ದವಾಖಾನಿ ಮಂದಿ ಎಂಥವರು, ಹಾಸ್ಟೆಲ್ ಹೆಂಗೈತಿ, ನಾ ಕಂಡಿಲ್ಲ. ಅದಕ್ಕ ಹೂಂ ಅನ್ನಂಗಿಲ್ಲ.”

“ಇಷ್ಟ ಸಾಕ್ರಿ,” ಎಂದು ಅವಳು ಟೈಪ್ ಮಾಡತೊಡಗಿದಳು.

ಅರ್ಜಿ ಹೋದ ಮೇಲೆ ಚಹಾ ಬಂತು. ಬಸಿಯಲ್ಲಿ ಸುರುವಿಕೊಂಡು ಕುಡಿಯುತ್ತ, ತಲೆ ಎತ್ತದೆ, ಅವಳು ಅಂದಳು: “ಆವಾಗೂ ಹಿಂಗ ಬಿಡಿಸಿ ಹೇಳಿದ್ರ ಚಲೋ ಇತ್ತು, ಕಾಕಾ.”

“ಹೌದವಾ,” ಎಂದರು ಅವರು.

ಚಹಾ ಮುಗಿಸಿ ಅವಳು ಎದ್ದಳು. ಅವರು ಅವಳನ್ನು ಬಸ್ ಸ್ಟ್ಯಾಂಡಿನವರೆಗೆ ಕರೆದುಕೊಂಡು ಹೋಗಿ, ಸಿಂದಗಿಯ ಬಸ್ಸಿನ ಕಂಡಕ್ಟರನಿಗೆ, “ನನ್ನ ಮಗಳು, ಮುಂದಿನ ಸೀಟು ಕೊಡು” ಎಂದು ಹೇಳಿ ಬಂದರು. ಅವತ್ತು ಅವರ ನಡಿಗೆ ಬೇರೆ ಇತ್ತು. ಬಂದವರೇ, “ಆ ಸೆಲ್ ಹಾಕಸೋ ಮಾರಾಯಾ, ಎಲ್ಲಾರ ಮುಂದ ಮಾನಾ ಹೋತು” ಎಂದು ನನಗೆ ಬೈದರು. ಬೈಗುಳ ಎಷ್ಟು ಹಿತವಾಗಿತ್ತೆಂದರೆ ನಾನು ಇನ್ನೊಂದು ಸಲ ಬೈಸಿಕೊಳ್ಳಲು ಕಾದೆ.

ಅವಳಿಗೆ ನರ್ಸಿಂಗ್ ಸೀಟು ಸಿಕ್ಕಿತು. ಸಿಕ್ಕ ಸುದ್ದಿ ಬಂದು ವಾರವಾಗಿರಬೇಕು, ಒಂದು ಬೆಳಿಗ್ಗೆ ಓಣಿಯಲ್ಲಿ ಯಾರೋ ದೊಡ್ಡ ದನಿಯಲ್ಲಿ ಕೂಗಿದರು.

“ಏ ಕಂಡಕ್ಟರಾ, ಅದಿಯೇನೋ ಮನ್ಯಾಗ?”

ಬಿಳಿ ರುಮಾಲು, ಅಗಲ ಭುಜ, ತುಸು ಬಾಗಿದ ಬೆನ್ನು. ಕಾಕಾ ಚಪ್ಪಲಿಯನ್ನೂ ಮೆಟ್ಟದೆ ಹೊರಗೆ ಓಡಿದರು. ಗುರಪ್ಪನವರೆಂದು ನನಗೆ ಯಾರೂ ಹೇಳಬೇಕಾಗಲಿಲ್ಲ.

“ದವಾಖಾನಿ ಮಂದೀನ ಕಂಡಿಲ್ಲ ಅಂದಿಯಂತ ನನ್ನ ಮಗಳಿಗೆ?”

“ಕಂಡಿಲ್ಲ.”

“ನಾನೂ ಕಂಡಿಲ್ಲ. ಅಕೀನ ಹಂಗ ಹೆಂಗ ಕಳಸೂದು? ನಡಿ, ಹೋಗಿ ನೋಡಿ ಬರೂಣು. ಹಾಸ್ಟೆಲ್ ನೋಡೂಣು, ನೀರು ನೋಡೂಣು, ಬಾಗಲ ಕಾಯಾವನ್ನ ಮಾತಾಡಸೂಣು.”

“ನಾ ಯಾಕೋ? ನೀ ನೋಡಿದ್ರ ಸಾಕಲ್ಲ.”

“ನಂದೇನಿದ್ರೂ ರೋಡ್ ನೋಡೂ ಕಣ್ಣು,” ಎಂದರು ಗುರಪ್ಪ. “ಮಂದೀನ ನೋಡೂ ಕಣ್ಣು ನಿಂದು. ಅಂಗಿ ಹಾಕ್ಕೊಂಡ ಬಾ, ಬಸ್ಸಿಗೆ ಹೊತ್ತಾಗ್ತೈತಿ.”

ಅವರು ಹೋಗಿ ನೋಡಿ ಬಂದರು. ಸುವರ್ಣಾ ಹೋದಳು, ಓದಿದಳು, ಈಗ ಅದೇ ನಗರದಲ್ಲಿ ನರ್ಸು. ಮೊನ್ನೆ ಮಣ್ಣಿನ ದಿನ ಬಂದಿದ್ದಳು; ಹೆಂಗಸರ ನಡುವೆ ಕೂತು ಅವಳು ಅತ್ತದ್ದು ಹೊರಗೆ ನಮಗೂ ಕೇಳುತ್ತಿತ್ತು. ಗುರಪ್ಪನವರು ಕಾಕಾಗಿಂತ ಮೊದಲೇ ತೀರಿಕೊಂಡಿದ್ದಾರೆ. ಆದರೆ ಕಾಕಾನನ್ನು ನೆನೆದಾಗ ನನಗೆ ಆ ಮಣ್ಣಿನ ದಿನ ಕಾಣುವುದಿಲ್ಲ. ಅವರಿಬ್ಬರನ್ನು ಬಸ್ಸು ಹತ್ತಿಸಲು ನಾನು ಸ್ಟ್ಯಾಂಡಿಗೆ ಹೋದ ಆ ಬೆಳಿಗ್ಗೆ ಕಾಣುತ್ತದೆ.

ಹತ್ತುವಾಗ ರೂಢಿಯಂತೆ ಗುರಪ್ಪ ಮುಂದಕ್ಕೆ ಹೋದರು, ಕಾಕಾ ಹಿಂದಿನ ಬಾಗಿಲಿಗೆ ಹೋದರು. ಆಮೇಲೆ ಇಬ್ಬರಿಗೂ ನೆನಪಾಗಿ, ಒಳಗೆ ಒಬ್ಬರನ್ನೊಬ್ಬರು ಹುಡುಕಿಕೊಂಡು ಬಂದು ನಡುವಿನ ಒಂದು ಸೀಟಿನಲ್ಲಿ ಕೂತರು. ಎಷ್ಟೋ ವರ್ಷ ಒಂದೇ ಬಸ್ಸಿನಲ್ಲಿ ತಿರುಗಿದವರು. ಅವರು ಸ್ಟೀರಿಂಗಿಗೆ, ಇವರು ಬಾಗಿಲಿಗೆ. ಒಂದೇ ಸೀಟಿನಲ್ಲಿ ಭುಜಕ್ಕೆ ಭುಜ ತಾಗಿಸಿ ಕೂತದ್ದು ಅದೇ ಮೊದಲಂತೆ. ಕೈ ಎಲ್ಲಿಡಬೇಕೆಂದು ಇಬ್ಬರಿಗೂ ತಿಳಿಯದಾಗಿತ್ತು.

ಕಾಕಾ ಹಿಂದೆ ತಿರುಗಿ ತುಟಿಯಲ್ಲೇ ತಲೆ ಎಣಿಸತೊಡಗಿದರು.

“ಸುಮ್ಮ ಕೂಡೋ. ಇವತ್ತ ನೀ ಪ್ಯಾಸೆಂಜರ್,” ಎಂದರು ಗುರಪ್ಪ.

“ನೀ ಮೊದಲ ಬ್ರೇಕ್ ಮ್ಯಾಲಿನ ಕಾಲು ತಗಿ.”

ಗುರಪ್ಪ ಕೆಳಗೆ ನೋಡಿಕೊಂಡರು. ಅವರ ಬಲಗಾಲು ನಿಜವಾಗಿಯೂ ನೆಲವನ್ನು ಒತ್ತಿ ಹಿಡಿದಿತ್ತು. ಕಾಲು ಹಿಂದಕ್ಕೆಳೆದುಕೊಂಡು ಅವರು ನಗತೊಡಗಿದರು, ಕಾಕಾನ ತೊಡೆಯ ಮೇಲೊಂದು ಏಟು ಹಾಕಿದರು. ಬಸ್ಸು ಹೊರಟಿತು. ಕಿಟಕಿಯಿಂದ ಕೈ ಮಾಡಬೇಕೆಂಬುದು ಇಬ್ಬರಿಗೂ ನೆನಪಾಗಲಿಲ್ಲ. ಒಬ್ಬರ ಕಿವಿಗೊಬ್ಬರು ಬಗ್ಗಿ, ಆಗಲೇ ಮಾತಿಗೆ ಬಿದ್ದಿದ್ದರು.